ಪ್ರಾರ್ಥನೆಯಿಂದ ದುಡಿಮೆಗೆ: ಕನ್ನಡ ನಾಡಿನಲ್ಲಿ ಬಾಸೆಲ್ ಮಿಶನ್

1834ರ ಅಕ್ಟೋಬರ್ 30ರಂದು ಸಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರು ತಲುಪಿದರು. ಎರಡು ವಾರಗಳ ಹಿಂದಷ್ಟೇ ಅವರು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದಿದ್ದರು. ಅವರನ್ನು ಕಳುಹಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಮಿಶನ್ ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶದಲ್ಲಿ ಬ್ರಿಟಿಷರಲ್ಲದ ಮಿಶನರಿಗಳು ನೆಲೆಸಲು ದಾರಿಯಾದದ್ದು 1833ರ ಸನ್ನದಿನಿಂದ. ಆ ಬಾಗಿಲು ತೆರೆದ ಮರುವರ್ಷವೇ ಬಾಸೆಲಿನವರು ಬಂದಿದ್ದರು. ಅವರ ಬಳಿ ಬೈಬಲ್ ಇತ್ತು, ಕಲಿಯಬೇಕಾದ ಭಾಷೆಗಳ ಪಟ್ಟಿ ಇತ್ತು. ಮುಂದೆ ಹೆಂಚು ಸುಡಬೇಕಾದೀತು, ಮಗ್ಗ ಹೂಡಬೇಕಾದೀತು ಎಂಬ ಕಲ್ಪನೆ ಮಾತ್ರ ಇರಲಿಲ್ಲ.

ಬಾಸೆಲ್ ಮಿಶನ್ನಿನ ಬೇರು ದಕ್ಷಿಣ ಜರ್ಮನಿಯ, ಅದರಲ್ಲೂ ವುರ್ಟೆಂಬರ್ಗ್ ಸೀಮೆಯ, ಭಕ್ತಿಪರ ಪ್ರಾಟೆಸ್ಟೆಂಟ್ ಪಂಥದಲ್ಲಿದೆ. ನಂಬಿಕೆ ಬಾಯಲ್ಲಿದ್ದರೆ ಸಾಲದು, ದಿನಚರಿಯಲ್ಲಿ ಕಾಣಬೇಕು ಎಂಬುದು ಆ ಪಂಥದ ಪಟ್ಟು. ಹೊತ್ತಿಗೆ ಸರಿಯಾಗಿ ಏಳುವುದು, ಕೊಟ್ಟ ಮಾತಿಗೆ ನಡೆಯುವುದು, ಕೈಕೆಲಸವನ್ನು ದೇವರು ಒಪ್ಪಿಸಿದ ಹೊಣೆ ಎಂದು ಮಾಡುವುದು, ಇವೆಲ್ಲ ಅವರಿಗೆ ಪ್ರಾರ್ಥನೆಯ ಮುಂದುವರಿಕೆಯೇ ಆಗಿದ್ದವು. ಮಿಶನ್ನಿನ ಶಾಲೆಗೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಹೆಬಿಕ್ ಸ್ವತಃ ವ್ಯಾಪಾರದಲ್ಲಿ ಪಳಗಿದವರು. ದುಡಿಮೆಯ ಬಗ್ಗೆ ಈ ಗೌರವ ಮೊದಲಿನಿಂದಲೇ ಇದ್ದುದರಿಂದಲೇ ಕರಾವಳಿಯ ಬದುಕು ಒಡ್ಡಿದ ಪ್ರಶ್ನೆಗೆ ಅವರು ಕಾರ್ಖಾನೆಯ ರೂಪದಲ್ಲಿ ಉತ್ತರ ಕೊಡಲು ಸಾಧ್ಯವಾಯಿತು.

ಮೊದಲ ವರ್ಷಗಳು ಭಾಷೆ ಕಲಿಯುವುದರಲ್ಲಿ, ಶಾಲೆ ತೆರೆಯುವುದರಲ್ಲಿ ಕಳೆದವು. ಮಂಗಳೂರಿನಲ್ಲಿ ಆಡಳಿತಕ್ಕೆ ಕನ್ನಡ, ಜನರ ಬಾಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ. ಮಿಶನರಿಗಳು ಕನ್ನಡ ಮತ್ತು ತುಳು ಎರಡನ್ನೂ ಹಿಡಿದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದ ಮೇಲೆ ಕೆಲಸಕ್ಕೆ ಹೊಸ ವೇಗ ಬಂತು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳು ಆರಂಭವಾದವು. ಆಮೇಲೆ ಗದಗಿನ ಪಕ್ಕದ ಬೆಟಗೇರಿಯಲ್ಲೂ. 1838ರಲ್ಲಿ ಮಂಗಳೂರಿನಲ್ಲಿ ಇಂಗ್ಲಿಷ್ ಶಾಲೆ ಶುರುವಾಯಿತು. 1840ರಲ್ಲಿ ಕಲೆಕ್ಟರ್ ಎಚ್. ಎಂ. ಬ್ಲೇರ್ ಅವರ ಕೊಡುಗೆಯಿಂದ ಬಲ್ಮಠದ ಗುಡ್ಡದ ಮೇಲಿನ ಜಾಗ ಮಿಶನ್ನಿಗೆ ದೊರೆತು, ಮುಂದೆ ಅದರ ಚಟುವಟಿಕೆಗಳಿಗೆ ಅದೇ ಮುಖ್ಯ ನೆಲೆಯಾಯಿತು.

ಬಲ್ಮಠದ ಕೆಲಸಗಳಲ್ಲಿ ಇಡೀ ನಾಡಿಗೆ ಬೇಗ ಮುಟ್ಟಿದ್ದು ಅಚ್ಚುಕೂಟ. 1841ರಲ್ಲಿ ಆರಂಭವಾದ ಈ ಮುದ್ರಣಾಲಯದಲ್ಲಿ ಮೊದಲು ಇದ್ದುದು ಕಲ್ಲಚ್ಚು. ಬರೆದ ಹಾಳೆಯನ್ನು ನುಣುಪಾದ ಕಲ್ಲಿನ ಮೇಲೆ ಇಳಿಸಿ, ಶಾಯಿ ಹಚ್ಚಿ, ಒಂದೊಂದೇ ಪ್ರತಿ ತೆಗೆಯಬೇಕು. ಹೀಗೆ ತೆಗೆದ ಹಾಳೆಗಳಲ್ಲಿ ಅಕ್ಷರ ಮೊಳೆಯಚ್ಚಿನಂತೆ ಬಿಗಿಯಾಗಿರುವುದಿಲ್ಲ. ಬರೆದವನ ಕೈಯ ಓರೆ ಹಾಗೇ ಉಳಿಯುತ್ತದೆ. 1843ರ ಜುಲೈ 1ರಂದು ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಹೀಗೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ನಾಲ್ಕು ಪುಟಗಳ ಪತ್ರಿಕೆಯ ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರ್ಕಾರದ ಕಾನೂನು, ಹೊರನಾಡಿನ ವರ್ತಮಾನ, ಕಥೆ, ದಾಸರ ಹಾಡು ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಧರ್ಮಪ್ರಚಾರಕ್ಕೆ ಬಂದ ಸಂಸ್ಥೆ ಬರಿಯ ಧರ್ಮಪತ್ರಿಕೆ ಮಾಡದೆ ಸುದ್ದಿಪತ್ರಿಕೆ ಮಾಡಿತು ಎಂಬುದು ಗಮನಿಸಬೇಕಾದ ಸಂಗತಿ. ಜನರಿಗೆ ತಿಳಿವಳಿಕೆ ಕೊಡುವುದೂ ತನ್ನ ಹೊಣೆ ಎಂದು ಮೊಗ್ಲಿಂಗ್ ತಿಳಿದಿದ್ದರು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ತಳೆಯಿತು, ಹೆಚ್ಚು ಕಾಲ ಬಾಳಲಿಲ್ಲ. ಆದರೂ ಜುಲೈ 1 ಇಂದಿಗೂ ಕನ್ನಡದ ಪತ್ರಿಕಾ ದಿನ.

ಇದೇ ಹೊತ್ತಿನಲ್ಲಿ ಮಿಶನ್ನಿನ ಒಳಗಿನ ಅತಿ ಕಠಿಣ ಪ್ರಶ್ನೆ ತಲೆ ಎತ್ತಿತು. 1844ರ ಜನವರಿಯಲ್ಲಿ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಆಗಿನ್ನೂ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಪಟ್ಟಣದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಮೇಲ್ಜಾತಿಯ ಹುಡುಗರು ಶಾಲೆ ಬಿಟ್ಟರು. ಕೌಂಡಿನ್ಯರಿಗೆ ಮನೆಯೂ ಮಡದಿಯೂ ದೂರವಾದರು. 1846ರಲ್ಲಿ ಅವರು ಮೊಗ್ಲಿಂಗರೊಂದಿಗೆ ಬಾಸೆಲ್‌ಗೆ ಹೋಗಿ, ಅಲ್ಲಿನ ಮಿಶನ್ ಶಾಲೆಯಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಬಾಸೆಲ್ ಮಿಶನ್ನಿನ ಮೊದಲ ಭಾರತೀಯ ಮಿಶನರಿ ಅವರೇ.

ಕೌಂಡಿನ್ಯರಿಗೆ ವಿದ್ಯೆಯ ಬಲವಿತ್ತು. ಅವರ ಹಿಂದೆಯೂ ಮುಂದೆಯೂ ಕ್ರೈಸ್ತರಾದ ನೂರಾರು ಜನರಿಗೆ ಅದಿರಲಿಲ್ಲ. ತುಳುನಾಡಿನಲ್ಲಿ ಕ್ರೈಸ್ತ ಸಭೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ತೆಂಗಿನ ಮರದಿಂದ ಕಳ್ಳು ಇಳಿಸುವ ಕಸುಬು ಮಿಶನರಿಗಳ ಕಣ್ಣಿಗೆ ಕ್ರೈಸ್ತನಿಗೆ ಒಪ್ಪುವಂಥದ್ದಲ್ಲ. ಅತ್ತ ಗೇಣಿಗೆ ಕೊಟ್ಟ ಭೂಮಿಯನ್ನು ಒಡೆಯ ಬಿಡಿಸಿಕೊಳ್ಳುತ್ತಿದ್ದ, ಕೂಡುಕುಟುಂಬದ ಪಾಲು ಕೈತಪ್ಪುತ್ತಿತ್ತು, ಬಾವಿಯ ನೀರಿಗೂ ಅಡ್ಡಿ ಬರುತ್ತಿತ್ತು. ದೀಕ್ಷೆ ಕೊಟ್ಟ ಕೈಯೇ ಈಗ ಅನ್ನಕ್ಕೂ ದಾರಿ ತೋರಿಸಬೇಕಾಯಿತು. ಒಬ್ಬ ಮನುಷ್ಯನ ಆತ್ಮದ ಹೊಣೆ ಹೊತ್ತವನು ಅವನ ಹಸಿವಿನ ಹೊಣೆಯಿಂದ ನುಣುಚಿಕೊಳ್ಳಬಹುದೇ? ದಾನ ಕೊಡುತ್ತ ಹೋದರೆ ಅದು ಎಂದಿಗೂ ಮುಗಿಯದು. ಅದಕ್ಕಿಂತ ಮುಖ್ಯವಾಗಿ, ದಾನಕ್ಕಾಗಿಯೇ ಧರ್ಮ ಬದಲಿಸಿದರು ಎಂಬ ಮಾತಿಗೆ ಅದು ಎಡೆಮಾಡಿಕೊಡುತ್ತದೆ. ಕೆಲಸ ಕೊಡುವುದೊಂದೇ ಉಳಿದ ದಾರಿ.

ಮೊದಲ ಪ್ರಯತ್ನಗಳು ಕೈಗೂಡಲಿಲ್ಲ. ಬೇಸಾಯದ ನೆಲೆಗಳನ್ನು ಹೂಡಿ ನೋಡಿದರು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಮಾಡಿದ ಕೃಷಿ ವಸಾಹತು ನಿಲ್ಲಲಿಲ್ಲ. ಗಡಿಯಾರ ಕಟ್ಟುವ ಕೆಲಸವನ್ನು ಕಲಿಸಿದರು, ಅದಕ್ಕೆ ಸಾಕಷ್ಟು ಗಿರಾಕಿಗಳಿರಲಿಲ್ಲ. ಬಾಸೆಲಿನ ಹಿರಿಯರಲ್ಲೂ ಒಮ್ಮತವಿರಲಿಲ್ಲ. ಲಾಭನಷ್ಟದ ಲೆಕ್ಕ ಹಿಡಿದ ಮಿಶನರಿಯ ಮನಸ್ಸು ಪ್ರಾರ್ಥನೆಯಲ್ಲಿ ನಿಂತೀತೇ ಎಂಬ ಅಳುಕು ಕೆಲವರಿಗೆ ಕೊನೆಯವರೆಗೂ ಹೋಗಲಿಲ್ಲ. 1851-52ರಲ್ಲಿ ಮಿಶನ್ನಿನ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ ಭಾರತಕ್ಕೆ ಬಂದು ಕೇಂದ್ರಗಳನ್ನೆಲ್ಲ ಸುತ್ತಿದ ಮೇಲೆ ಸಭೆಗಳ ಆಡಳಿತಕ್ಕೂ ಉದ್ಯಮಗಳಿಗೂ ಒಂದು ಕ್ರಮ ಬಂತು. ಮಿಶನರಿಗಳ ಜೊತೆಗೆ ಕಸುಬು ಬಲ್ಲ ಸಹೋದರರನ್ನೂ ಕಳುಹಿಸುವ ಪದ್ಧತಿ ಬೇರೂರಿತು. 1859ರಲ್ಲಿ ವ್ಯಾಪಾರದ ವ್ಯವಹಾರಕ್ಕೆಂದು ಬೇರೆಯೇ ಕಂಪನಿ ಸ್ಥಾಪನೆಯಾಯಿತು. ಷೇರುದಾರರಿಗೆ ಮಿತವಾದ ಲಾಭಾಂಶ ಕೊಟ್ಟು ಉಳಿದದ್ದನ್ನು ಮಿಶನ್ನಿನ ಕೆಲಸಕ್ಕೆ ಬಿಡುವುದು ಅದರ ರೀತಿ.

ಕೈಗೂಡಿದ ಮೊದಲ ಉದ್ಯಮ ನೇಯ್ಗೆ. 1851ರಲ್ಲಿ ಬಂದ ಯೋಹಾನ್ ಹಾಲರ್ ಹುಟ್ಟು ನೇಕಾರ. ಯುರೋಪಿನ ಮಾದರಿಯ ಮಗ್ಗಗಳನ್ನು ಅವರು ಬಲ್ಮಠದಲ್ಲಿ ಹೂಡಿದರು. ಹಗ್ಗ ಎಳೆದರೆ ಲಾಳಿ ತಾನೇ ಆಚೀಚೆ ಹಾರುವ ಮಗ್ಗವದು. ಒಬ್ಬ ನೇಕಾರ ಅಗಲದ ಬಟ್ಟೆಯನ್ನು ಬೇಗ ನೇಯಬಹುದು. ಆಮೇಲೆ ಕಣ್ಣೂರು, ಕಲ್ಲಿಕೋಟೆಗಳಲ್ಲೂ ನೇಯ್ಗೆ ಕಾರ್ಖಾನೆಗಳು ಎದ್ದವು. ಹಾಲರ್ ಬಣ್ಣದ ಕೆಲಸದಲ್ಲೂ ನಿಪುಣರು. ಬಲ್ಮಠದ ಖಾಕಿ ಬಟ್ಟೆಗೆ ಅವರಿಂದಲೇ ಹೆಸರು ಬಂತು. ಖಾಕಿಯನ್ನು ಕಂಡುಹಿಡಿದವರೇ ಹಾಲರ್ ಎಂದು ಮಂಗಳೂರಿನಲ್ಲಿ ಹೇಳುವುದುಂಟು. ಆ ಬಣ್ಣದ ಸಮವಸ್ತ್ರ ಅದಕ್ಕೂ ಕೆಲವು ವರ್ಷ ಮೊದಲೇ ಪಂಜಾಬಿನ ಗೈಡ್ಸ್ ದಳದಲ್ಲಿ ಇತ್ತಾದ್ದರಿಂದ ಅಷ್ಟು ಹೇಳುವುದು ಸರಿಯಲ್ಲ. ಆದರೆ ಮಗ್ಗದಿಂದ ಬಣ್ಣದ ಬಾನಿಯವರೆಗೆ ಎಲ್ಲ ಕೆಲಸವನ್ನೂ ಇಲ್ಲಿನ ಕೈಗಳಿಗೆ ಕಲಿಸಿದ ಹಿರಿಮೆ ಹಾಲರ್ ಅವರದು.

ಅದೇ 1851ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಅಚ್ಚುಮೊಳೆಗಳೊಂದಿಗೆ ಬಂದರು. ಕಲ್ಲಚ್ಚಿನ ಜಾಗಕ್ಕೆ ಮೊಳೆಯಚ್ಚು ಬಂತು. ಈ ಪ್ಲೆಬ್ಸ್ಟ್ ಅವರೇ ಕರಾವಳಿಯ ಮನೆಗಳ ನೆತ್ತಿಯನ್ನೂ ಬದಲಿಸಿದವರು. ಆಗ ಬಡವರ ಮನೆಗೆ ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲಿನ ಹೊದಿಕೆ. ವರ್ಷ ವರ್ಷ ಹೊದಿಸಬೇಕು, ಬೇಸಗೆಯಲ್ಲಿ ಕಿಡಿ ಬಿದ್ದರೆ ಇಡೀ ಕೇರಿಯೇ ಉರಿಯುತ್ತಿತ್ತು. ಉಳ್ಳವರ ಮನೆಗೆ ಕುಂಬಾರ ತಟ್ಟಿದ ನಾಡಹೆಂಚು. ಅದೂ ಮಳೆಗಾಲದ ಗಾಳಿಗೆ ಸರಿದು ಸೋರುವಂಥದ್ದು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದಂತಿದೆ ಎಂದು ಪ್ಲೆಬ್ಸ್ಟ್ ಪ್ರಯೋಗಗಳಿಂದ ಕಂಡುಕೊಂಡರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು.

ಹೆಂಚಿನ ಕೆಲಸ ಹೊರನೋಟಕ್ಕೆ ಸರಳ. ನದಿಯ ದಂಡೆಯ ಮಣ್ಣು ದೋಣಿಯಲ್ಲಿ ಬರುತ್ತದೆ. ಅದನ್ನು ಕಲ್ಲು, ಬೇರು ತೆಗೆದು, ನೀರು ಹದವಾಗಿ ಬೆರೆಸಿ ಅರೆಯಬೇಕು. ಮೊದಮೊದಲು ಅರೆಯುವ ಯಂತ್ರವನ್ನು ತಿರುಗಿಸುತ್ತಿದ್ದುದು ಎತ್ತುಗಳು. ಅರೆದ ಮಣ್ಣನ್ನು ಹಲಗೆಯಂತೆ ಕತ್ತರಿಸಿ, ಎಣ್ಣೆ ಸವರಿದ ಅಚ್ಚಿನಲ್ಲಿಟ್ಟು ಒತ್ತಿದರೆ ಒಂದು ಹೆಂಚು. ಅಂಚಿನ ಹೆಚ್ಚುವರಿ ಮಣ್ಣನ್ನು ತಂತಿಯಿಂದ ಕೊಯ್ದು, ಮರದ ಚೌಕಟ್ಟಿನ ಮೇಲೆ ನೆರಳಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಆಮೇಲೆ ಭಟ್ಟಿ. ಕಟ್ಟಿಗೆಯ ಬೆಂಕಿ ಮೆಲ್ಲಗೆ ಏರಬೇಕು, ಮೆಲ್ಲಗೇ ಇಳಿಯಬೇಕು. ಭಟ್ಟಿಯಿಂದ ತೆಗೆದ ಹೆಂಚನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ; ಟಣ್ ಎಂದರೆ ಪಾಸು, ಮಂದವಾಗಿ ಸದ್ದು ಮಾಡಿದರೆ ಒಳಗೆ ಬಿರುಕಿದೆ ಎಂದು ಲೆಕ್ಕ. ಒಂದರ ಅಂಚಿಗೆ ಇನ್ನೊಂದರ ಅಂಚು ಕಚ್ಚಿಕೊಳ್ಳುವಂತೆ ಮಾಡಿದ ಈ ಹೆಂಚು ಪಕ್ಕಾಸು, ರೀಪುಗಳ ಮೇಲೆ ಹಗುರವಾಗಿ ಕೂರುತ್ತದೆ, ಮೂರು ತಿಂಗಳ ಮಳೆಯನ್ನು ಹನಿ ಬಿಡದೆ ಇಳಿಸುತ್ತದೆ. ಕರಾವಳಿಯ ಹಳೆಯ ಮನೆಗಳಲ್ಲಿ ಹೆಂಚು ಮಗುಚಿ ನೋಡಿದರೆ ಬೆನ್ನಿನ ಮೇಲೆ ಬಾಸೆಲ್ ಮಿಶನ್ ಎಂಬ ಉಬ್ಬಕ್ಷರಗಳು ಈಗಲೂ ಕಾಣಸಿಗುತ್ತವೆ.

ಬೇಡಿಕೆ ಏರಿತು. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಹೊಸ ಕಾರ್ಖಾನೆಗಳು ತೆರೆದವು. ಕೇರಳದ ಕಡೆ ಕಲ್ಲಿಕೋಟೆ, ಕೊಡಕ್ಕಲ್, ಪಾಲಕ್ಕಾಡುಗಳಲ್ಲೂ ಆದವು. ಸರ್ಕಾರಿ ಕಟ್ಟಡಗಳಿಗೂ ರೈಲು ನಿಲ್ದಾಣಗಳಿಗೂ ಮಂಗಳೂರು ಹೆಂಚು ಹೋಯಿತು, ಹಡಗೇರಿ ಸಮುದ್ರದಾಚೆಗೂ ಹೋಯಿತು. ಮಿಶನ್ ಇದನ್ನು ತನ್ನ ಗುಟ್ಟಾಗಿ ಉಳಿಸಿಕೊಳ್ಳಲಿಲ್ಲ, ಉಳಿಸಿಕೊಳ್ಳಲು ಆಗುತ್ತಲೂ ಇರಲಿಲ್ಲ. 1868ರಲ್ಲೇ ಆಲ್ಬುಕರ್ಕ್ ಮನೆತನದವರು ಸ್ವಂತ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಹತ್ತಾರು ಚಿಮಣಿಗಳು ಎದ್ದವು. ಎಲ್ಲ ಜಾತಿಮತಗಳ ಸಾವಿರಾರು ಜನ ಅವುಗಳಲ್ಲಿ ದುಡಿದರು. ಸಭೆ ಸೇರಿದ್ದಕ್ಕೆ ಕಸುಬು ಕಳೆದುಕೊಂಡವರಿಗೆಂದು ಶುರುವಾದ ಕೆಲಸ ಹೀಗೆ ಊರಿನ ಅನ್ನವಾಯಿತು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಹೆಂಗಸರಿಗೂ ಕೆಲಸವಿತ್ತು, ಕೈಗೆ ಕೂಲಿಯ ಹಣ ಬರುತ್ತಿತ್ತು. ಕಾಯಿಲೆ ಬಿದ್ದವರಿಗೆ ನೆರವಿನ ನಿಧಿ, ಮುಪ್ಪಿಗೆಂದು ಉಳಿತಾಯದ ನಿಧಿ ಇದ್ದವು. ಆ ಕಾಲದ ಭಾರತದ ಕಾರ್ಖಾನೆಗಳಲ್ಲಿ ಇದು ಅಪರೂಪ. ಅಗಸ, ಕುಂಬಾರ, ನೇಕಾರ ಎಂದು ಹುಟ್ಟಿನಿಂದ ಅಂಟಿದ ಕಸುಬಿನ ಹಣೆಪಟ್ಟಿಯೂ ಇಲ್ಲಿ ಕಳಚಿತು. ಬಿಲ್ಲವರ ಮಗ ಅಚ್ಚುಮೊಳೆ ಜೋಡಿಸಿದ, ನೇಕಾರರಲ್ಲದವರು ಮಗ್ಗದ ಮುಂದೆ ಕೂತರು. ಆದರೆ ಈ ವ್ಯವಸ್ಥೆಗೆ ಇನ್ನೊಂದು ಮುಖವೂ ಇತ್ತು. ಒಡೆಯನೂ ಗುರುವೂ ಒಬ್ಬರೇ ಆದಾಗ ಸಭೆಯ ಶಿಸ್ತು ಕೂಲಿಯ ಶಿಸ್ತಿನೊಂದಿಗೆ ಬೆರೆಯುತ್ತದೆ. ಭಾನುವಾರ ಆರಾಧನೆ ತಪ್ಪಿಸಿದವನಿಗೆ ಸೋಮವಾರ ಕಾರ್ಖಾನೆಯಲ್ಲಿ ತಲೆ ಎತ್ತುವುದು ಕಷ್ಟ. ಸಭೆಯವರು ಎಲ್ಲಕ್ಕೂ ಮಿಶನ್ನಿನ ಕಡೆಗೇ ಕೈ ಚಾಚುವ ಅಭ್ಯಾಸ ಬೆಳೆಯಿತು. ಇಂಥ ಆಸರೆ ಸ್ವಂತ ಕಾಲಿನ ಮೇಲೆ ನಿಲ್ಲಿಸುತ್ತದೋ ಕಾಲನ್ನೇ ಬಲಹೀನ ಮಾಡುತ್ತದೋ ಎಂಬ ಚಿಂತೆ ಮಿಶನರಿಗಳನ್ನೂ ಕಾಡಿತ್ತು. ಅವರಿಗೆ ಅದನ್ನು ಪೂರ್ತಿ ಬಿಡಿಸಲಾಗಲಿಲ್ಲ.

ಕೊಡಗಿನಲ್ಲಿ ಸೇವೆಯ ರೂಪ ಬೇರೆಯಾಗಿತ್ತು. 1853ರಲ್ಲಿ ಮೊಗ್ಲಿಂಗ್ ಅಲ್ಲಿಗೆ ಹೋದರು. ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಗಳಲ್ಲಿ ತಲೆತಲಾಂತರದಿಂದ ಜೀತ ಮಾಡುತ್ತಿದ್ದ ಹೊಲೆಯರಿಗಾಗಿ ಕೌಂಡಿನ್ಯರ ನೆರವಿನಿಂದ ಒಂದು ನೆಲೆ ಕಟ್ಟಿ, ಅದಕ್ಕೆ ಆನಂದಪುರ ಎಂದು ಅವರದೇ ಹೆಸರಿಟ್ಟರು. ದುಡಿದು ತಿನ್ನಲು ಜಮೀನು, ವಾಸಕ್ಕೆ ಮನೆ, ಮಕ್ಕಳಿಗೆ ಶಾಲೆ, ನಡುವೆ ಒಂದು ದೇವಾಲಯ. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಕೌಂಡಿನ್ಯರು ಹೊಲೆಯರ ಹಟ್ಟಿಯ ಹೊಣೆ ಹೊತ್ತದ್ದು ಆ ಶತಮಾನದ ಮಧ್ಯದಲ್ಲಿ ಚಿಕ್ಕ ಮಾತಲ್ಲ. ಉಪದೇಶದ ಸಾವಿರ ಪುಟಗಳಿಗಿಂತ ಈ ಒಂದು ನಡೆ ಹೆಚ್ಚು ಹೇಳುತ್ತದೆ.

ಭಾಷೆಯ ಕೆಲಸವನ್ನೂ ಸೇವೆಯ ಲೆಕ್ಕದಿಂದ ಬಿಡುವಂತಿಲ್ಲ. ಮೊಗ್ಲಿಂಗ್ 1848ರಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳಂಥ ಕೃತಿಗಳನ್ನು ಅಚ್ಚು ಮಾಡಿಸಿದರು. ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಓಲೆಗರಿಯಲ್ಲಿ, ಹಾಡುವವರ ಬಾಯಲ್ಲಿ ಇದ್ದ ಸಾಹಿತ್ಯ ಹೀಗೆ ಪುಸ್ತಕವಾಯಿತು. ತುಳುವಿನಲ್ಲಿ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾದಾಗ ಆ ಭಾಷೆಗೆ ಮುದ್ರಣದ ಬಾಗಿಲು ತೆರೆಯಿತು. 1886ರಲ್ಲಿ ಮಿಶನ್ನಿನವರೇ ಆದ ಮ್ಯಾನರ್ ತುಳು ನಿಘಂಟು ಹೊರತಂದರು.

ಇವರೆಲ್ಲರ ನಡುವೆ ಫರ್ಡಿನೆಂಡ್ ಕಿಟ್ಟೆಲ್ ಅವರದು ಒಂಟಿ ದಾರಿ. 1853ರಲ್ಲಿ ಬಂದ ಕಿಟ್ಟೆಲ್, ಕ್ರಿಸ್ತನ ಬಾಳನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಬೇಕೆಂದು 1862ರಲ್ಲಿ 'ಕಥಾಮಾಲೆ' ಬರೆದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು. ಪೇಟೆಗಳಲ್ಲಿ ನಿಂತು ಸಾರುವ ಕೆಲಸಕ್ಕಿಂತ ಪದಗಳ ಬೆನ್ನು ಹತ್ತಿದ ಇವರ ಬಗ್ಗೆ ಸಹಮಿಶನರಿಗಳಿಗೆ ಅಸಮಾಧಾನವಿತ್ತು. ಕಿಟ್ಟೆಲ್ ಹಿಂಜರಿಯಲಿಲ್ಲ. ನಿಘಂಟನ್ನು ಮುಗಿಸಲೆಂದೇ ಅವರು ಜರ್ಮನಿಯಿಂದ ಮತ್ತೆ ಭಾರತಕ್ಕೆ ಬಂದು, ಕಣ್ಣು ಸೋಲುವಷ್ಟು ದುಡಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ 1,752 ಪುಟಗಳಿವೆ, ಸುಮಾರು 70,000 ಪದಗಳಿವೆ. ಕಾವ್ಯದ ಪದದ ಪಕ್ಕದಲ್ಲೇ ಸಂತೆಯ ಮಾತು, ಗಾದೆಯ ಮಾತು ಅದರಲ್ಲಿ ಕೂತಿವೆ. ಜನರ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುವುದೂ ಪ್ರೀತಿಯ ಒಂದು ಬಗೆಯೇ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ, ಅವರ ಕನ್ನಡ ವ್ಯಾಕರಣ ಪ್ರಕಟವಾದ ವರ್ಷವೇ, ಅವರು ತೀರಿಕೊಂಡರು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ನರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ಪ್ರಜೆಗಳಾದರು. ಹಲವರನ್ನು ಶಿಬಿರಗಳಲ್ಲಿ ಇರಿಸಿ ಬಳಿಕ ಸ್ವದೇಶಕ್ಕೆ ಸಾಗಿಸಲಾಯಿತು. ಯುದ್ಧದ ಕೊನೆಯ ಹೊತ್ತಿಗೆ ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಸೇರಿದವು. ಎಂಬತ್ತು ವರ್ಷ ಹೊರಗಿನವರ ನೆರಳಿನಲ್ಲಿ ಬೆಳೆದ ಸಭೆಗಳು ಒಮ್ಮೆಗೇ ಒಂಟಿಯಾದವು. ಆದರೆ 1847ರಿಂದಲೇ ಬಲ್ಮಠದಲ್ಲಿ ನಡೆಯುತ್ತಿದ್ದ ದೇವಜ್ಞಾನ ಶಾಲೆಯಲ್ಲಿ ಕಲಿತ ಸಭಾಪಾಲಕರು, ಬೋಧಕರು, ಹಳ್ಳಿ ಶಾಲೆಗಳ ಮೇಷ್ಟ್ರುಗಳು ಊರೂರಲ್ಲಿದ್ದರು. ಆರಾಧನೆ ನಿಲ್ಲಲಿಲ್ಲ, ಶಾಲೆಗಳು ಮುಚ್ಚಲಿಲ್ಲ.

ಯುದ್ಧದ ನಂತರ ಸೇವೆ ಆಸ್ಪತ್ರೆಗಳ ಕಡೆಗೆ ಹೆಚ್ಚು ತಿರುಗಿತು. 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಗಂಡು ವೈದ್ಯರ ಮುಂದೆ ಬರಲು ಹಿಂಜರಿಯುತ್ತಿದ್ದ ಹೆಂಗಸರಿಗೆ, ಹೆರಿಗೆಯ ಕಷ್ಟದಲ್ಲಿದ್ದ ತಾಯಂದಿರಿಗೆ ಅದು ದೊಡ್ಡ ಆಸರೆಯಾಯಿತು. ಉಡುಪಿಯವರು ಮಿಶನ್ ಆಸ್ಪತ್ರೆ ಎಂದೇ ಕರೆಯುವ ಅದಕ್ಕೆ ಮುಂದೆ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಎಂಬ ಹೆಸರಾಯಿತು.

ಈ ಕಾಲದ ದೇಸಿ ಸಭಾಪಾಲಕರಲ್ಲಿ ದೊಡ್ಡ ಹೆಸರು ಧಾರವಾಡದ ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ ಸಭೆಯ ಸೇವೆಯಲ್ಲಿದ್ದುಕೊಂಡೇ ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಭಿಕ್ಷುಕರು, ರೈತರು, ಜಂಗಮರು ಹೇಳಿದ ತ್ರಿಪದಿಗಳನ್ನು ಬರೆದುಕೊಂಡು, ಓಲೆಗರಿಯ ಪ್ರತಿಗಳೊಂದಿಗೆ ತಾಳೆ ನೋಡಿದ ಕೆಲಸವದು. ತನ್ನ ನಂಬಿಕೆಯಲ್ಲಿ ಅಲುಗದೆ ನಿಂತ ಪಾದ್ರಿಯೊಬ್ಬರು ನೆರೆಯವರ ಅನುಭಾವದ ಮುಂದೆ ತಲೆಬಾಗಿ ಕಲಿತರು. ವೀರಶೈವ ಮಠಗಳಲ್ಲೂ ಅವರಿಗೆ ಆದರದ ಸ್ವಾಗತವಿತ್ತು. ಮೊಗ್ಲಿಂಗರ ಕಾಲದಲ್ಲಿ ಹೊರಗಿನಿಂದ ಬಂದವರು ಹೊತ್ತ ಹೊಣೆ ಉತ್ತಂಗಿಯವರಲ್ಲಿ ಒಳಗಿನಿಂದಲೇ ಬೆಳೆದು ನಿಂತಿತ್ತು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ಅವರು ನಿಧನರಾದದ್ದು 1962ರಲ್ಲಿ.

ಅಷ್ಟರಲ್ಲಿ ಸಭೆಯ ಆಡಳಿತವೂ ದೇಶದವರ ಕೈಗೆ ಬಂದಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಹೆಚ್ಚಿನವು ಹಂತ ಹಂತವಾಗಿ ಅದರೊಳಗೆ ಸೇರಿದವು. ದೇವಜ್ಞಾನ ಶಾಲೆ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಗಿ ಅದೇ ಬಲ್ಮಠದಲ್ಲಿ ಮುಂದುವರಿದಿದೆ. ಮಿಶನ್ನಿನ ಹಳೆಯ ಕಾಗದಪತ್ರಗಳು, ಕಲ್ಲಚ್ಚಿನ ಪುಸ್ತಕಗಳು ಅದರ ಗ್ರಂಥಭಂಡಾರದಲ್ಲಿವೆ.